ಹಿತ್ತಲಿನ ಹಾಡುಹಕ್ಕಿ ಫೋಟೊ: ಮೊದಲು ಕೊಂಬೆ, ಆಮೇಲೆ ಕ್ಯಾಮೆರಾ

ಪುಟ್ಟ ಹಕ್ಕಿಯ ಹಿಂದೆ ಕ್ಯಾಮೆರಾ ಹಿಡಿದು ಓಡಿದರೆ ಫೋಟೊದಲ್ಲಿ ಸಿಗುವುದು ಅದರ ಬಾಲ, ಇಲ್ಲವೇ ಬರೀ ಎಲೆ. ನಮ್ಮ ಒಂದೊಂದು ಹೆಜ್ಜೆಯೂ ಅದಕ್ಕೆ ಅಪಾಯದ ಸುಳಿವು. ಹಿತ್ತಲಿನಲ್ಲಿ ಓಡುವ ಅಗತ್ಯವೇ ಇಲ್ಲ. ಹಕ್ಕಿ ಎಲ್ಲಿ ಕೂರಬೇಕು, ಅದರ ಹಿಂದೆ ಏನು ಕಾಣಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು ಎಂಬುದನ್ನು ನಾವೇ ಮೊದಲು ಸಿದ್ಧಮಾಡಿ ಕಾಯಬಹುದು. ಕಾಡಿನಲ್ಲಿ ಈ ಅನುಕೂಲ ಸಿಗುವುದಿಲ್ಲ.

ಕ್ಯಾಮೆರಾ ಒಳಗಿಟ್ಟು, ಬೆಳಗ್ಗೆ ಸುಮ್ನೆ ಕೂತು ನೋಡುವುದರಿಂದ ಶುರು ಮಾಡಿ. ಹಾಡುವ ಗಂಡು ಹಕ್ಕಿಗೆ ತನ್ನದೇ ಮೆಚ್ಚಿನ ಜಾಗಗಳಿರುತ್ತವೆ. ಒಣ ರೆಂಬೆಯ ತುದಿಯೋ ಬೇಲಿಯ ಗೂಟವೋ, ಮತ್ತೆ ಮತ್ತೆ ಅಲ್ಲಿಗೇ ಬಂದು ಹಾಡುತ್ತದೆ. ನೀರಿಗೆ ಬರುವ ಹಕ್ಕಿಗೂ ಒಂದು ರೂಢಿ ಇದೆ. ಹೆಚ್ಚಾಗಿ ಅದು ನೇರವಾಗಿ ಇಳಿಯುವುದಿಲ್ಲ. ಹತ್ತಿರದ ಕೊಂಬೆಯಲ್ಲಿ ಕೂತು, ಸುತ್ತ ಕಣ್ಣಾಡಿಸಿ, ಆಮೇಲೆ ಇಳಿಯುತ್ತದೆ. ನಮಗೆ ಬೇಕಾಗಿರುವುದು ಅದು ಕೊಂಬೆಯಲ್ಲಿ ಕೂರುವ ಆ ನಾಲ್ಕು ಸೆಕೆಂಡ್.

ನೀರು, ಕೊಂಬೆ, ಹಿನ್ನೆಲೆ

ಅಗಲವಾದ ತಟ್ಟೆಯಲ್ಲಿ 2ರಿಂದ 3 ಸೆಂ.ಮೀ. ನೀರು ಸಾಕು. ಆಳ ಜಾಸ್ತಿಯಾದರೆ ಪುಟ್ಟ ಹಕ್ಕಿಗಳು ಸ್ನಾನಕ್ಕೆ ಇಳಿಯಲು ಹೆದರುತ್ತವೆ. ಮೇಲಿಂದ ತೊಟ್ಟು ತೊಟ್ಟಾಗಿ ನೀರು ಬೀಳುವಂತೆ ಮಾಡಿದರೆ ಆ ಸದ್ದಿಗೇ ಬರುತ್ತವೆ. ದಿನಾ ತೊಳೆದು ನೀರು ಬದಲಿಸಿ, ಕೊಳಕು ನೀರಿನಿಂದ ರೋಗ ಹರಡುತ್ತದೆ. ಬೆಕ್ಕು ಅವಿತು ಕೂರುವಂಥ ಪೊದೆ ತಟ್ಟೆಗೆ ತಾಗಿಕೊಂಡಿರಬಾರದು. ಆದರೆ ಹೆದರಿದ ಹಕ್ಕಿ ಹಾರಿ ಸೇರಿಕೊಳ್ಳಲು ಎರಡು ಮೂರು ಮೀಟರ್ ಆಚೆ ಗಿಡವೊಂದು ಇರಲೇಬೇಕು.

ತಟ್ಟೆಯ ಪಕ್ಕದಲ್ಲಿ ಒಂದು ಕೊಂಬೆ ನೆಡಿ. ಬೆರಳಿನಷ್ಟು ದಪ್ಪ ಸಾಕು. ದಪ್ಪ ಕೊಂಬೆ ಹಕ್ಕಿಯ ಕಾಲನ್ನು ಮರೆಮಾಡುತ್ತದೆ. ಅಡ್ಡಾದಿಡ್ಡಿ ರೆಂಬೆಗಳನ್ನು ಕತ್ತರಿಸಿ, ಕೂರಲು ಒಂದೆರಡು ಜಾಗ ಮಾತ್ರ ಬಿಡಿ. ಆಗ ಹಕ್ಕಿ ಎಲ್ಲಿ ಕೂರುತ್ತದೆಂದು ಮೊದಲೇ ಗೊತ್ತಿರುತ್ತದೆ, ಅಲ್ವಾ?

ಇನ್ನು ಹಿನ್ನೆಲೆ. ನನ್ನ ಪ್ರಕಾರ ಹಿತ್ತಲಿನ ಫೋಟೊ ಕೆಡುವುದು ಜಾಸ್ತಿ ಇಲ್ಲೇ. ಕೊಂಬೆಯ ಹಿಂದೆ ಕನಿಷ್ಠ 4–5 ಮೀಟರ್ ಖಾಲಿ ಇದ್ದರೆ ಹಿಂದಿನ ಗಿಡಗಳೆಲ್ಲ ಮೆತ್ತನೆಯ ಹಸಿರಾಗಿ ಕರಗುತ್ತವೆ. ಗೋಡೆ ಒಂದೇ ಅಡಿ ಹಿಂದಿದ್ದರೆ ಎಷ್ಟು ದುಬಾರಿ ಲೆನ್ಸ್ ಇದ್ದರೂ ಪ್ರಯೋಜನವಿಲ್ಲ. ಹಕ್ಕಿ ಬರುವ ಮುಂಚೆಯೇ ಖಾಲಿ ಕೊಂಬೆಯ ಫೋಟೊ ಒಂದು ತೆಗೆದು ನೋಡಿ. ಪೈಪೋ, ಬಟ್ಟೆ ಒಣಗಿಸುವ ಹಗ್ಗವೋ ಕಂಡರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಅಷ್ಟಕ್ಕೇ ಹಿನ್ನೆಲೆ ಪೂರ್ತಿ ಬದಲಾಗುತ್ತದೆ.

ಕೂರುವುದು, ಕ್ಲಿಕ್ಕಿಸುವುದು

ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಒಳ್ಳೆಯದು. ಬೆಳಕು ಮೃದು, ಹಕ್ಕಿಗಳೂ ಚುರುಕು. ಬಿಸಿಲು ನಿಮ್ಮ ಬೆನ್ನಿಗಿರಲಿ, ಲೆನ್ಸ್ ಕೊಂಬೆಯ ಎತ್ತರಕ್ಕೇ ಇರಲಿ. ಮೇಲಿಂದ ಕೆಳಗೆ ತೆಗೆದ ಫೋಟೊದಲ್ಲಿ ಹಕ್ಕಿಯ ಮುಖಕ್ಕಿಂತ ಬೆನ್ನೇ ಕಾಣುತ್ತದೆ. ಕಿಟಕಿಯ ಒಳಗಿಂದ ತೆಗೆಯುವುದಾದರೆ ಕೋಣೆಯ ದೀಪ ಆರಿಸಿ, ಲೆನ್ಸನ್ನು ಗಾಜಿಗೆ ನೇರವಾಗಿ, ತೀರಾ ಹತ್ತಿರ ಹಿಡಿಯಿರಿ.

ದೂರದ್ದನ್ನು ಹತ್ತಿರ ತೋರಿಸುವ 300ರಿಂದ 400 ಎಂ.ಎಂ. ಲೆನ್ಸ್ ಇದ್ದರೆ ಹಿತ್ತಲಿಗೆ ಧಾರಾಳವಾಯಿತು. ಕೂತ ಹಕ್ಕಿಯೂ ಕ್ಷಣಕ್ಕೊಮ್ಮೆ ಕತ್ತು ತಿರುಗಿಸುತ್ತದೆ, ಹಾಗಾಗಿ ಶಟರ್ ಸ್ಪೀಡ್ (ಶಟರ್ ತೆರೆದಿರುವ ಹೊತ್ತು) 1/1000 ಸೆಕೆಂಡ್ ಇಡಿ. ಹಾರುವಾಗ ಬೇಕೆಂದರೆ 1/2500. ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ಎಫ್ 5.6 ಅಥವಾ 8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ. ಐಎಸ್‌ಒ ಏರಿ ಕಾಳುಕಾಳಾಗಿ ಬಂದ ಫೋಟೊವನ್ನು ಆಮೇಲೆ ತಕ್ಕಮಟ್ಟಿಗೆ ಸರಿಪಡಿಸಬಹುದು, ಅಲುಗಿದ್ದನ್ನು ಆಗುವುದಿಲ್ಲ. ಫೋಕಸ್, ಹಕ್ಕಿ ಅಲುಗಿದಂತೆ ಹಿಂಬಾಲಿಸುವ ನಿರಂತರ ಮೋಡ್‌ನಲ್ಲಿದ್ದು ಹಕ್ಕಿಯ ಕಣ್ಣಿನ ಮೇಲೇ ನಿಲ್ಲಲಿ. ಸದ್ದಿಲ್ಲದ ಶಟರ್ ಇದ್ದರೆ ಅದನ್ನೇ ಬಳಸಿ.

ಹಾಡುವ ಮುನ್ನ ಹಕ್ಕಿ ಕೊಕ್ಕು ಮೇಲೆತ್ತುತ್ತದೆ, ಗಂಟಲಿನ ಪುಕ್ಕ ಉಬ್ಬುತ್ತದೆ. ಒತ್ತಬೇಕಾದ್ದು ಆಗಲೇ. ನಾಲ್ಕೈದು ಫ್ರೇಮ್‌ಗಳ ಸಣ್ಣ ಸಣ್ಣ ಬರ್ಸ್ಟ್ (ಒಂದರ ಹಿಂದೊಂದು ಸರಸರ ಕ್ಲಿಕ್ಕಿಸುವುದು) ಸಾಕು. ತಲೆ ಸ್ವಲ್ಪ ನಿಮ್ಮತ್ತ ತಿರುಗಿ ಕಣ್ಣಲ್ಲಿ ಬೆಳಕಿನ ಚುಕ್ಕೆ ಮಿಂಚಿದರೆ ಹಕ್ಕಿಗೆ ಜೀವ ಬರುತ್ತದೆ.

ಮೊಬೈಲ್‌ನಲ್ಲಿ ಹಾಡು ಹಾಕಿ ಹಕ್ಕಿಯನ್ನು ಕರೆಯುವುದು ಬೇಡವೇ ಬೇಡ. ಗಂಡು ಹಕ್ಕಿ ಅದನ್ನು ತನ್ನ ಜಾಗಕ್ಕೆ ನುಗ್ಗಿದ ಎದುರಾಳಿ ಎಂದುಕೊಂಡು, ಮರಿಗಳಿಗೆ ಆಹಾರ ತರಬೇಕಾದ ಹೊತ್ತನ್ನು ಜಗಳಕ್ಕೆ ಸುರಿಯುತ್ತದೆ. ಹಾಗೆಯೇ, ಬಾಯಲ್ಲಿ ಹುಳ ಹಿಡಿದ ಹಕ್ಕಿ ಎಲ್ಲಿಗೂ ಹೋಗದೆ ನಿಮ್ಮನ್ನೇ ನೋಡುತ್ತಾ ಕೂಗುತ್ತಿದ್ದರೆ ಗೂಡು ಅಲ್ಲೇ ಹತ್ತಿರದಲ್ಲಿದೆ ಎಂದು ತಿಳಿಯಿರಿ. ತಕ್ಷಣ ಹಿಂದೆ ಸರಿಯಿರಿ. ಮರಿಗಳು ಗೂಡು ಬಿಡುವವರೆಗೆ ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಕೊಂಬೆ ನೆಟ್ಟು ಅಲ್ಲಿ ಫೋಟೊ ತೆಗೆಯಿರಿ.