ಬಯಾಪ್ಸಿ ಇಲ್ಲದೆ ಫ್ಯಾಟಿ ಲಿವರ್ ಅಂದಾಜು ಮಾಡುವುದು

ಬಯಾಪ್ಸಿ ಎಂದರೆ ಸೂಜಿಯಿಂದ ಲಿವರ್‌ನ ಚೂರು ತೆಗೆದು ಪರೀಕ್ಷಿಸುವುದು. ಫ್ಯಾಟಿ ಲಿವರ್ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಎರಡು. ಲಿವರ್‌ನಲ್ಲಿ ಕೊಬ್ಬು ಕೂತಿದೆಯೇ? ಕೂತಿದ್ದರೆ ಲಿವರ್ ಗಟ್ಟಿಯಾಗುತ್ತಿದೆಯೇ? ಸ್ಕ್ಯಾನಿಂಗ್ ರಿಪೋರ್ಟಿನ 'ಗ್ರೇಡ್ 1, 2, 3' ಮೊದಲನೆಯದಕ್ಕೆ ಮಾತ್ರ ಉತ್ತರ. ಜೀವಕ್ಕೆ ಕುತ್ತು ತರುವುದು ಎರಡನೆಯದು, ಜನ ಮರೆಯುವುದೂ ಅದನ್ನೇ.

ಮೊದಲು ಟೇಪು ಹಿಡಿಯಿರಿ. ಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳತೆ ನೋಡಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಮುಂದಿನ ಲೆಕ್ಕ ಬೇಕು. ಪ್ಯಾಂಟಿನ ಸೈಜು ನಂಬಬೇಡಿ, ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಸೊಂಟ ಸಣ್ಣದಿದ್ದರೂ ಲೆಕ್ಕ ಹಾಕಲೇಬೇಕು.

ಬೇಕಾದ ರಕ್ತ ಪರೀಕ್ಷೆ ಎರಡೇ, ಸಿಬಿಸಿ (ರಕ್ತಕಣಗಳ ಎಣಿಕೆ, ಪ್ಲೇಟ್‌ಲೆಟ್ ಇದರಲ್ಲಿ ಸಿಗುತ್ತದೆ) ಮತ್ತು ಎಲ್‌ಎಫ್‌ಟಿ (ಲಿವರ್ ಪರೀಕ್ಷೆ, ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳ ಮಟ್ಟ ಇದರಲ್ಲಿ ಸಿಗುತ್ತದೆ). ಅಥಣಿ, ಜಮಖಂಡಿ, ಇಂಡಿಯಂಥ ಊರಿನ ಲ್ಯಾಬಿನಲ್ಲೇ ಆಗುತ್ತವೆ. ಎರಡನ್ನೂ ಒಂದೇ ದಿನ ಮಾಡಿಸಿ.

ಒಂದು ಉದಾಹರಣೆ: ಸಕ್ಕರೆ ಕಾಯಿಲೆಯ 48ರ ಗಂಡಸು, ತೂಕ 76 ಕೆ.ಜಿ., ಎತ್ತರ 1.66 ಮೀ., ಎಸ್‌ಜಿಒಟಿ 42, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.1 ಲಕ್ಷ.

ಕೊಬ್ಬಿನ ಅಂದಾಜಿಗೆ ಎಚ್‌ಎಸ್‌ಐ (ಹೆಪಾಟಿಕ್ ಸ್ಟಿಯಾಟೋಸಿಸ್ ಇಂಡೆಕ್ಸ್) ಸೂತ್ರ. ಎಸ್‌ಜಿಪಿಟಿಯನ್ನು ಎಸ್‌ಜಿಒಟಿಯಿಂದ ಭಾಗಿಸಿ 8ರಿಂದ ಗುಣಿಸಿ (12.2), ಬಿಎಂಐ (ಕೆ.ಜಿ. ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದ್ದು) ಕೂಡಿಸಿ (27.6), ಸಕ್ಕರೆ ಕಾಯಿಲೆಗೆ 2 ಸೇರಿಸಿ. ಹೆಂಗಸಾದರೆ ಇನ್ನೂ 2. ಇಲ್ಲಿ ಬಂದದ್ದು 41.8. 36ರ ಮೇಲಿದ್ದರೆ ಕೊಬ್ಬು ಇರುವ ಸಾಧ್ಯತೆ ಹೆಚ್ಚು, 30ರ ಕೆಳಗಿದ್ದರೆ ಕಡಿಮೆ.

ಗಟ್ಟಿತನದ ಅಂದಾಜಿಗೆ ಫಿಬ್-4 ಸೂತ್ರ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ: 2016. ಎಸ್‌ಜಿಪಿಟಿಯ ವರ್ಗಮೂಲವನ್ನು ಪ್ಲೇಟ್‌ಲೆಟ್‌ನಿಂದ ಗುಣಿಸಿ: 8 × 210 = 1680. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.2. ಅಂದರೆ ಇವರಿಗೆ ಕೊಬ್ಬು ಇದ್ದಂತಿದೆ, ಲಿವರ್ ಹೆಚ್ಚು ಗಟ್ಟಿಯಾಗಿರುವ ಸಾಧ್ಯತೆ ಸದ್ಯಕ್ಕೆ ಕಡಿಮೆ.

ಎಡವುವುದು ಪ್ಲೇಟ್‌ಲೆಟ್‌ನಲ್ಲೇ. ನಮ್ಮ ಲ್ಯಾಬುಗಳು ಲಕ್ಷದಲ್ಲಿ ಬರೆಯುತ್ತವೆ, ಸೂತ್ರಕ್ಕೆ ಸಾವಿರದ ಲೆಕ್ಕ ಬೇಕು. 2.1 ಲಕ್ಷ ಎಂದರೆ 210. ಹಾಗೇ 2.1 ಹಾಕಿದರೆ ಉತ್ತರ 120 ಬಂದು ಎದೆ ಧಸಕ್ಕೆನ್ನುತ್ತದೆ.

ಫಿಬ್-4 ಉತ್ತರ 1.3ರ ಕೆಳಗಿದ್ದರೆ ಅಪಾಯ ಕಡಿಮೆ. 65 ದಾಟಿದವರಿಗೆ ಆ ಗೆರೆ 2.0. 2.67ರ ಮೇಲಿದ್ದರೆ ಲಿವರ್ ತಜ್ಞರ ಹತ್ತಿರ ಹೋಗಿ. ನಡುವೆ ಬಿದ್ದರೆ ಫೈಬ್ರೋಸ್ಕ್ಯಾನ್ (ಮೈಮೇಲೆ ಯಂತ್ರ ಇಟ್ಟು ಲಿವರ್‌ನ ಗಟ್ಟಿತನ ಅಳೆಯುವ ಸ್ಕ್ಯಾನ್) ಮಾಡಿಸಿ. 35ರ ಒಳಗಿನವರಿಗೆ ಈ ಸೂತ್ರ ಸರಿಯಾಗಿ ಹೊಂದುವುದಿಲ್ಲ.

ಜ್ವರದಲ್ಲಿ ತೆಗೆಸಿದ ರಕ್ತದಿಂದ ಲೆಕ್ಕ ಹಾಕಬೇಡಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು ಎಸ್‌ಜಿಒಟಿ ಏರುತ್ತದೆ, ಫಿಬ್-4 ಸುಳ್ಳೇ ಜಿಗಿಯುತ್ತದೆ. ಎಸ್‌ಜಿಒಟಿ ಸ್ನಾಯುವಿನಲ್ಲೂ ಇರುವುದರಿಂದ ಎಡೆಬಿಡದೆ ಕಬ್ಬು ಕಡಿದ ದಿನಗಳಲ್ಲೂ ಹೀಗಾಗಬಹುದು. ಇನ್ನು ಎಸ್‌ಜಿಪಿಟಿ ನಾರ್ಮಲ್ ಇದೆ ಎಂದು ಕೈಬಿಡುವುದು ದೊಡ್ಡ ತಪ್ಪು, ಫ್ಯಾಟಿ ಲಿವರ್ ಇದ್ದವರಲ್ಲಿ ಎಷ್ಟೋ ಮಂದಿಗೆ ಅದು ನಾರ್ಮಲ್ಲೇ ಇರುತ್ತದೆ. ಅಲ್ಟ್ರಾಸೌಂಡೂ ಅಲ್ಪಸ್ವಲ್ಪ ಕೊಬ್ಬನ್ನು ಹಿಡಿಯುವುದಿಲ್ಲ.

ಫೈಬ್ರೋಸ್ಕ್ಯಾನ್‌ಗೆ ಕನಿಷ್ಠ 3 ತಾಸು ಬರಿ ಹೊಟ್ಟೆಯಲ್ಲಿರಿ. ಬಸ್‌ಸ್ಟ್ಯಾಂಡಿನಲ್ಲಿ ಗಿರಮಿಟ್ಟು, ಮಿರ್ಚಿ ತಿಂದು ಹೋದರೆ ಲಿವರ್‌ಗೆ ರಕ್ತದ ಹರಿವು ಹೆಚ್ಚಿ, ಇಲ್ಲದ ಗಟ್ಟಿತನ ಕಾಣಿಸುತ್ತದೆ. ರಿಪೋರ್ಟಿನಲ್ಲಿ ಕಿಲೋಪಾಸ್ಕಲ್ (kPa) ಸಂಖ್ಯೆ ಗಟ್ಟಿತನವನ್ನು ತೋರಿಸುತ್ತದೆ, ಕ್ಯಾಪ್ (CAP) ಸಂಖ್ಯೆ ಕೊಬ್ಬನ್ನು. 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಇದ್ದರೆ ನಿರಾಳ. ಕನಿಷ್ಠ 10 ಸರಿಯಾದ ಅಳತೆ ಸಿಕ್ಕಿವೆಯೇ ನೋಡಿ. ದಪ್ಪ ಮೈಯವರಿಗೆ ಎಕ್ಸ್‌ಎಲ್ ಪ್ರೋಬ್ (ಮೈಗೆ ಒತ್ತಿಹಿಡಿಯುವ ದೊಡ್ಡ ಸಾಧನ) ಬೇಕಾಗುತ್ತದೆ.

ಹೆಪಟೈಟಿಸ್ ಬಿ, ಸಿ ಪರೀಕ್ಷೆ ಒಮ್ಮೆ ಮಾಡಿಸಿ. ಕುಡಿಯುವ ಅಭ್ಯಾಸವಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಫಿಬ್-4 ಕಡಿಮೆ ಬಂದರೂ ಸಕ್ಕರೆ ಕಾಯಿಲೆಯವರು 1–2 ವರ್ಷಕ್ಕೊಮ್ಮೆ, ಉಳಿದವರು 2–3 ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕಬೇಕು. ಹಳೆಯ ರಿಪೋರ್ಟು ಎಸೆಯಬೇಡಿ.