ಮೀನಿನ ಪಕ್ಕದಲ್ಲಿ ಅಜ್ಜನ ಫೋಟೋ

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕೊಡಗಿನ ಕರಡಿಗೋಡಿನ ನಮ್ಮ ಮನೆಯೊಳಗೆ ಸೊಂಟದವರೆಗೆ ನೀರು ನಿಂತಿತ್ತು. ಇಳಿದ ಮೇಲೆ ಹೋಗಿ ನೋಡಿದರೆ ಮಂಚದಡಿಯ ಟ್ರಂಕ್ ತುಂಬ ಕೆಸರು, ಅದರೊಳಗೆ ಮೂರು ಆಲ್ಬಂ. ಪಾಸ್‌ಬುಕ್ ಆಮೇಲೆ ಹುಡುಕು, ಮೊದಲು ಅದನ್ನ ತೆಗಿ ಅಂದರು ಅಮ್ಮ.

ನಾನು ಅವಸರ ಮಾಡಿದೆ. ಅಂಟಿಕೊಂಡಿದ್ದ ಎರಡು ಫೋಟೋ ಎಳೆದೆ, ಮದುವೆ ಫೋಟೋದಲ್ಲಿದ್ದ ಅಪ್ಪನ ಪೇಟ, ಅರ್ಧ ಹಣೆ ಇನ್ನೊಂದರ ಬೆನ್ನಿಗೆ ಅಂಟಿಕೊಂಡು ಬಂತು. ಸ್ಟುಡಿಯೋದಲ್ಲಿ ತೊಳೆದು ಕೊಡುತ್ತಿದ್ದ ಹಳೇ ಫೋಟೋಗಳಲ್ಲಿ ಚಿತ್ರ ಇರೋದು ಕಾಗದದ ಮೇಲಿನ ಜೆಲಾಟಿನ್ ಪದರದಲ್ಲಿ. ನೀರು ಕುಡಿದರೆ ಅದು ಉಬ್ಬಿ ಲೋಳೆ ಆಗುತ್ತೆ, ಹಾಗೇ ಒಣಗಿದರೆ ಪಕ್ಕದ್ದಕ್ಕೆ ಗೋಂದು ಹಾಕಿದ ಹಾಗೆ ಹಿಡಿಯುತ್ತೆ. ಹಾಗಾಗಿ ಬಿಡಿಸುವವರೆಗೆ ಒಣಗೋಕೆ ಬಿಡಬಾರದು.

ಎಲ್ಲವನ್ನೂ ಬಕೆಟ್‌ನಲ್ಲಿ ತಣ್ಣನೆ ಶುದ್ಧ ನೀರಿಗೆ ಹಾಕಿದೆ. ಕೈಯಲ್ಲಿ ಉಜ್ಜಲಿಲ್ಲ, ಸುಮ್ನೆ ನೀರಲ್ಲಿ ಆಡಿಸಿದೆ, ಕೆಸರು ತಾನಾಗೇ ಬಿಟ್ಟಿತು. ಆದರೆ ನೀರಲ್ಲಿ ಎರಡು ದಿನಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ, ಪದರವೇ ಕಿತ್ತು ಬರುತ್ತೆ. ನಮ್ಮಲ್ಲಿ ಆಗಸ್ಟ್ ತಿಂಗಳಲ್ಲಿ ಒಂದು ಟವೆಲ್ ಒಣಗಲ್ಲ, ಇನ್ನು ಇನ್ನೂರು ಫೋಟೋ ಎಲ್ಲಿ ಒಣಗಬೇಕು? ಒಲೆ ಮೇಲಿನ ಅಟ್ಟದಲ್ಲಿಡು ಅಂತ ಅಮ್ಮ. ಬೇಡಮ್ಮ, ಶಾಖಕ್ಕೆ ಸುರುಳಿ ಸುತ್ತಿಕೊಳ್ಳುತ್ತೆ ಅಂದೆ.

ಫ್ರೀಜರ್ ಆಗಬೇಕಿತ್ತು, ನಮ್ಮೂರಲ್ಲಿ ಆಗ ಕರೆಂಟೇ ಇರಲಿಲ್ಲ. ನಡುನಡುವೆ ಬಟರ್ ಪೇಪರ್ ಇಟ್ಟು, ಹತ್ತತ್ತು ಫೋಟೋ ಒಂದೊಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಹುಣಸೂರಿನ ಚಿಕ್ಕಮ್ಮನ ಮನೆಗೆ ತಗೊಂಡು ಹೋದೆ. ಮೀನಿನ ಪಕ್ಕ ನಿಮ್ಮಜ್ಜನನ್ನ ಇಡಬೇಕಾ ಅಂತ ಚಿಕ್ಕಮ್ಮ ಬೈದರು, ಆದರೆ ಜಾಗ ಮಾಡಿಕೊಟ್ಟರು. ಹೆಪ್ಪುಗಟ್ಟಿದರೆ ಬೂಸ್ಟು ಬೆಳೆಯಲ್ಲ, ನಮಗೆ ಟೈಮ್ ಸಿಗುತ್ತೆ.

ಮಳೆ ನಿಂತ ಮೇಲೆ ಭಾನುವಾರಕ್ಕೆ ಒಂದು ಕವರ್ ಅಂತ ತೆಗೆದೆ. ಕರಗಿದ ಮೇಲೆ ತಟ್ಟೆಯಲ್ಲಿ ತಣ್ಣೀರು ಹಾಕಿ ಕಾಯುತ್ತಾ ಕೂರೋದು, ಮೂಲೆ ತಾನಾಗೇ ಎದ್ದಾಗ ಮಾತ್ರ ಮುಟ್ಟೋದು. ಆಮೇಲೆ ಬಿಳಿ ಕಾಟನ್ ಬಟ್ಟೆ ಮೇಲೆ, ಚಿತ್ರ ಮೇಲ್ಮುಖ ಮಾಡಿ, ನೆರಳಲ್ಲಿ. ನ್ಯೂಸ್‌ಪೇಪರ್ ಬೇಡ, ಶಾಯಿ ಹತ್ತುತ್ತೆ. ಒಣಗಿ ಮುದುರಿದ್ದನ್ನ ದಪ್ಪ ಪುಸ್ತಕದಡಿ ಇಟ್ಟೆ.

ಅಜ್ಜನ ಕಾಲದ ಕಪ್ಪುಬಿಳುಪಿನವು ಬಹುಪಾಲು ಉಳಿದವು. ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದವು ಬಕೆಟ್‌ನಲ್ಲೇ ನೀಲಿ ನೀರಾದವು. ಪ್ಲಾಸ್ಟಿಕ್ ಹಾಳೆಯ ಅಂಟು ಆಲ್ಬಂ ಇತ್ತಲ್ವಾ, ಅದು ಮಹಾ ಕಾಟ. ಬರದಿದ್ದ ಪುಟಗಳನ್ನ ಹಾಗೇ ಮೊಬೈಲಲ್ಲಿ ಫೋಟೋ ತೆಗೆದುಕೊಂಡೆ.

ಅಜ್ಜಿಯ ಫೋಟೋ ಫ್ರೇಮಿನ ಗಾಜಿಗೆ ಅಂಟಿ ಒಣಗಿಬಿಟ್ಟಿತ್ತು. ಅದನ್ನ ಬಿಡಿಸೋಕೆ ಹೋಗಲಿಲ್ಲ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ ಮತ್ತೆ ಗೋಡೆಗೆ ಹಾಕಿದ್ದೇವೆ. ಸೀರೆಯ ಅಂಚಿನ ಹತ್ತಿರ ಕೆಸರಿನ ಗೆರೆ ಇನ್ನೂ ಇದೆ.