ಕೆಟ್ಟ ಮೆಷಿನ್‌ಗೆ ಸರಿಯಾದ ರಿಪೇರಿ ಮ್ಯಾನುಯಲ್ ಹುಡುಕುವುದು ಹೇಗೆ?

ವಾಷಿಂಗ್ ಮೆಷಿನ್‌ನಿಂದ ನೀರು ಹೊರಗೆ ಹೋಗುತ್ತಿಲ್ಲ. ಕಂಪನಿ ಹೆಸರು ಹಾಕಿ ಇಂಟರ್ನೆಟ್‌ನಲ್ಲಿ ಹುಡುಕುತ್ತೀರಿ. ಸಿಗುವುದು ಯಾವ ಬಟನ್ ಯಾವುದಕ್ಕೆ ಎಂದು ತಿಳಿಸುವ ಪುಸ್ತಕ. ರಿಪೇರಿಗೆ ಅದು ಸಾಲದು. ಚಿಕ್ಕದೊಂದು ಪಾರ್ಟ್ ಹೋಗಿದೆ ಅಂತ ಇಡೀ ಮೆಷಿನ್ ಗುಜರಿಗೆ ಹೋಗುವುದು ನಿಜಕ್ಕೂ ಬೇಸರದ ಸಂಗತಿ. ಬೇಕಾದ ಮಾಹಿತಿ ಬಹಳ ಸಲ ಇದ್ದೇ ಇರುತ್ತದೆ. ಅದನ್ನು ಸರಿಯಾದ ಹೆಸರು ಹಿಡಿದು ಕೇಳಬೇಕು.

ಮೊದಲು ಪೂರ್ತಿ ಮಾಡೆಲ್ ನಂಬರ್ ಬೇಕು. ಮುಂಭಾಗದಲ್ಲಿ ದೊಡ್ಡದಾಗಿ ಬರೆದಿರುವುದು ಹೆಚ್ಚಾಗಿ ಮಾರಾಟದ ಹೆಸರು ಮಾತ್ರ. ಪ್ಲಗ್ ತೆಗೆದು ಸ್ಟಿಕ್ಕರ್ ಹುಡುಕಿ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ ಆದರೆ ಬಾಗಿಲಿನ ಅಂಚು ನೋಡಿ. ಫ್ರಿಜ್‌ನಲ್ಲಿ ತರಕಾರಿ ಡ್ರಾಯರ್ ಹತ್ತಿರದ ಒಳಗೋಡೆ, ಮೈಕ್ರೋವೇವ್‌ನಲ್ಲಿ ಬಾಗಿಲಿನ ಚೌಕಟ್ಟು ಅಥವಾ ಹಿಂಬದಿ, ಮಿಕ್ಸಿಯಲ್ಲಿ ತಳ. ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಓರೆಗೆರೆಯ (/) ನಂತರ ಒಂದೆರಡು ಅಂಕಿ ಇದ್ದರೆ ಅದನ್ನೂ ಬಿಡಬೇಡಿ. ಬಾಷ್ ಮೆಷಿನ್‌ಗಳಲ್ಲಿ ಆ ಕೊನೆಯ ಅಂಕಿ ಬೇರೆಯಾದರೆ ಒಳಗಿನ ಪಾರ್ಟ್ ಕೂಡ ಬೇರೆ ಇರಬಹುದು. ಸೀರಿಯಲ್ ನಂಬರ್ ನಿಮ್ಮ ಒಂದೇ ಮೆಷಿನ್‌ನದ್ದು, ಹುಡುಕಾಟಕ್ಕೆ ಅದು ಬೇಡ.

ಈಗ ಮಾಡೆಲ್ ನಂಬರ್ ಜೊತೆ ‘ಸರ್ವಿಸ್ ಮ್ಯಾನುಯಲ್’ (ಮೆಕ್ಯಾನಿಕ್‌ಗಳಿಗೆಂದು ಬರೆದ ರಿಪೇರಿ ಪುಸ್ತಕ) ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಸಿಗದಿದ್ದರೆ ‘ವೈರಿಂಗ್ ಡಯಾಗ್ರಾಂ’, ‘ಎಕ್ಸ್‌ಪ್ಲೋಡೆಡ್ ವ್ಯೂ’ ಎಂದು ಹಾಕಿ ನೋಡಿ. ಎರಡನೆಯದರಲ್ಲಿ ಮೆಷಿನ್‌ನ ಪಾರ್ಟ್‌ಗಳನ್ನು ಬಿಡಿಸಿಟ್ಟಂತೆ ಚಿತ್ರ ಬರೆದು, ಒಂದೊಂದಕ್ಕೂ ನಂಬರ್ ಕೊಟ್ಟಿರುತ್ತಾರೆ. ಈ ಪಾರ್ಟ್ ನಂಬರನ್ನು ಹಗುರವಾಗಿ ನೋಡಬೇಡಿ. ಒಂದೇ ಕಾರ್ಖಾನೆಯ ಮೆಷಿನ್ ಬೇರೆ ಬೇರೆ ಬ್ರ್ಯಾಂಡ್ ಹೆಸರಲ್ಲಿ ಮಾರಾಟವಾಗುವುದುಂಟು. ಪಾರ್ಟ್ ನಂಬರ್ ಹಾಕಿ ಹುಡುಕಿದಾಗ ಅದೇ ಪಂಪ್ ಇನ್ನೊಂದು ಬ್ರ್ಯಾಂಡ್‌ನಲ್ಲೂ ಕಂಡರೆ, ಆ ಮಾಡೆಲ್‌ನ ಮ್ಯಾನುಯಲ್ ತೆಗೆದು ನೋಡಿ. ಚಿತ್ರ ನಿಮ್ಮ ಮೆಷಿನ್‌ಗೆ ಹೋಲುತ್ತದೆಯೇ ಎಂದು ತಾಳೆ ನೋಡಿಯೇ ಮುಂದುವರಿಯಿರಿ.

ಹುಡುಕಲು ಕಂಪನಿಯ ಸಪೋರ್ಟ್ ಪುಟದಿಂದ ಶುರು ಮಾಡಿ. 2003ರಲ್ಲಿ ಆರಂಭವಾದ ಐಫಿಕ್ಸಿಟ್ ಎಂಬ ವೆಬ್‌ಸೈಟ್‌ನಲ್ಲಿ ಫೋಟೊ ಸಮೇತ ರಿಪೇರಿ ಗೈಡ್‌ಗಳು ಉಚಿತವಾಗಿ ಸಿಗುತ್ತವೆ. ತೀರಾ ಹಳೆಯ ಮೆಷಿನ್ ಆದರೆ ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಲೈಬ್ರರಿ ನೋಡಿ, ಸ್ಕ್ಯಾನ್ ಮಾಡಿದ ಮ್ಯಾನುಯಲ್‌ಗಳು ಅಲ್ಲಿ ರಾಶಿ ಇವೆ. ‘ಮೊದಲು ಈ ಸಾಫ್ಟ್‌ವೇರ್ ಹಾಕಿಕೊಳ್ಳಿ’ ಎನ್ನುವ ಸೈಟ್‌ನಿಂದ ಸುಮ್ನೆ ಹೊರಬನ್ನಿ. ಮ್ಯಾನುಯಲ್ ಅಂದರೆ ಪಿಡಿಎಫ್, ಅದಕ್ಕೆ ಸಾಫ್ಟ್‌ವೇರ್ ಯಾಕೆ ಬೇಕು?

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಜಾಗ ಇನ್ನೊಂದಿದೆ: ಮೆಷಿನ್‌ನ ಒಳಗೇ! ಕೆಲವು ಕಂಪನಿಗಳು, ಮುಖ್ಯವಾಗಿ ವರ್ಲ್‌ಪೂಲ್, ಮೆಕ್ಯಾನಿಕ್‌ಗೆಂದೇ ‘ಟೆಕ್ ಶೀಟ್’ ಎಂಬ ಹಾಳೆಯನ್ನು ಮಡಚಿ ಒಳಗೆ ಇಟ್ಟಿರುತ್ತವೆ. ಮೆಷಿನ್‌ನ ಕೆಳಭಾಗದ ಪ್ಯಾನೆಲ್ ಹಿಂದೆ ಅಥವಾ ಕಂಟ್ರೋಲ್ ಪ್ಯಾನೆಲ್ ಒಳಗೆ ಅದು ಸಿಗಬಹುದು. ಎರರ್ ಕೋಡ್‌ಗಳ ಅರ್ಥ, ಟೆಸ್ಟ್ ಮೋಡ್‌ಗೆ ಹೋಗುವ ವಿಧಾನ, ಮೀಟರ್ ಇಟ್ಟು ನೋಡಿದಾಗ ಮೋಟಾರ್ ಮತ್ತು ಹೀಟರ್‌ನಲ್ಲಿ ಎಷ್ಟು ಓಮ್ಸ್ (ವಿದ್ಯುತ್ ರೋಧದ ಅಳತೆ) ತೋರಿಸಬೇಕು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಓದಿ, ಫೋಟೊ ತೆಗೆದು, ಮತ್ತೆ ಅಲ್ಲೇ ಇಡಿ. ಮುಂದೆ ರಿಪೇರಿ ಮಾಡುವವರಿಗೂ ಬೇಕಲ್ವಾ?

ಮ್ಯಾನುಯಲ್ ಸಿಕ್ಕಿದರೂ ಮೈಕ್ರೋವೇವ್ ಕವಚವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಎಂಬ ಪಾರ್ಟ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಫ್ರಿಜ್‌ನ ಗ್ಯಾಸ್ ಪೈಪ್‌ಗೂ ಕೈ ಹಾಕಬೇಡಿ, ಎಷ್ಟೋ ಹೊಸ ಫ್ರಿಜ್‌ಗಳಲ್ಲಿರುವುದು ಬೆಂಕಿ ಹಿಡಿಯುವ ಐಸೋಬ್ಯುಟೇನ್. ಇಂಥ ಕೆಲಸಕ್ಕೆ ಮೆಕ್ಯಾನಿಕ್ ಕರೆಸಿ, ನಿಮಗೆ ಸಿಕ್ಕ ಮ್ಯಾನುಯಲ್ ಅನ್ನು ಅವರಿಗೆ ಮೊದಲೇ ಕಳುಹಿಸಿ.